ಮೀಟರ್ ಭಾವ

ಚೂಟಿಯ ಅಪ್ಪನಿಗೆ ತನ್ನ ಮೇಲೊಂದು ಹಾಡು ಕಟ್ಟಿದ್ದಾರೆಂದು ಗೊತ್ತಾದದ್ದು ನೀರಿನ ಬಿಲ್ಲು ಕಟ್ಟಲು ಬಂದ ಒಬ್ಬ ಹುಡುಗನಿಂದ. ನೀರು ಸರಬರಾಜು ಕಚೇರಿಯ ಎರಡನೇ ಕೌಂಟರಿನಲ್ಲಿ ಅಪ್ಪ ಕೂರುತ್ತಿದ್ದ. ಸಾಲಿನಲ್ಲಿ ನಿಂತು ಬೇಸತ್ತ ಆ ಹುಡುಗ ಫೋನಿನಲ್ಲಿ ಹಾಡು ಹಾಕಿಕೊಂಡ. ಢಬ ಢಬ ಸದ್ದಿನ ನಡುವೆ ಹೆಂಗಸೊಬ್ಬಳ ದನಿ ಪಟಪಟನೆ ಹೇಳುತ್ತಿತ್ತು:

ಬಕೆಟ್ಟಿಗೂ ಮೀಟರು, ಬಲ್ಬಿಗೂ ಮೀಟರು,
ಮೈಗೆ ತಣ್ಣೀರು, ಭಾವನ ಮಾತಿಗೆ ಹೀಟರು.
ಕೆಮ್ಮಿದರೆ ಯೂನಿಟ್ಟು, ನಕ್ಕರೆ ಡಬಲ್ಲು,
ಉಸಿರಾಡಿದ್ದಕ್ಕೂ ತಿಂಗಳ ಕೊನೆಗೆ ಬಿಲ್ಲು.

ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಅಪ್ಪ ತಲೆಯೆತ್ತಿದ. ಎಲ್ಲೋ ಏನು, ದಿನಾ ಬೆಳಿಗ್ಗೆ ತನ್ನ ಮನೆಯ ಬಚ್ಚಲಿನಿಂದಲೇ ಕೇಳಿಬರುವ ದನಿ. ಹೆಂಡತಿಯ ತಂಗಿಯದು. ಅಪ್ಪನೊಬ್ಬನಿಗೇ ಗೊತ್ತಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಆ ದನಿಯನ್ನು ಊರಿಗೆ ಊರೇ ಬಲ್ಲದು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಮೈಕಿನಲ್ಲಿ ಕೂಗುವ ದನಿ ಅದು. ಪಕ್ಕದ ಕೌಂಟರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಅಪ್ಪನಿಗೆ ಮೀಟರ್ ಭಾವ ಎಂದು ಹೊಸ ಹೆಸರು ಬಿದ್ದಾಗಿತ್ತು.

ಅಂದು ಅಪ್ಪ ಬೂಟು ಬಿಚ್ಚದೆ ನೇರ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅಮ್ಮ ಡಬ್ಬಿಗಳನ್ನು ತೊಳೆಯುತ್ತಿದ್ದಳು. ಬ್ಯಾಂಕಿನವರಿಗೆ, ಅಂಗಡಿಯವರಿಗೆ, ಒಬ್ಬ ಹಲ್ಲಿನ ಡಾಕ್ಟರಿಗೆ ದಿನವೂ ಮಧ್ಯಾಹ್ನದ ಊಟ ಕಟ್ಟಿ ಕಳಿಸುವುದು ಅಮ್ಮನ ಕಸುಬು. ಚೂಟಿ ಪಕ್ಕದಲ್ಲಿ ನಿಂತು ಡಬ್ಬಿ ಒರೆಸುತ್ತಿದ್ದಳು.

"ಎಲ್ಲಿ ನಿನ್ನ ತಂಗಿ?"

"ಡ್ಯೂಟಿ ಮುಗಿಸಿ ಈಗ ಬಂದ್ಲು. ಬಟ್ಟೆ ಬದಲಾಯಿಸ್ತಿದಾಳೆ," ಎಂದಳು ಅಮ್ಮ.

ಚಿಕ್ಕಮ್ಮ ತಾನಾಗಿಯೇ ಹೊರಗೆ ಬಂದಳು. ಅವಳಿಗೆ ಅಪ್ಪನ ಬೂಟು ನೋಡಿಯೇ ಅರ್ಥವಾಗಿರಬೇಕು.

"ಹಾಡು ಕೇಳಿದ್ರಾ ಭಾವ? ಹೇಗಿದೆ?"

"ಯಾರು ಮೀಟರ್ ಭಾವ?"

"ಅದೊಂದು ಪಾತ್ರ."

"ಪಾತ್ರ ನೀರಿನ ಆಫೀಸಲ್ಲಿ ಕೆಲಸ ಮಾಡತ್ತಾ? ಬಚ್ಚಲ ಬಾಗಿಲು ತಟ್ಟಿ 'ಸಾಕು, ಸಾಕು' ಅನ್ನತ್ತಾ?"

"ಅನ್ನತ್ತೆ. ಇವತ್ತು ಬೆಳಿಗ್ಗೆ ಕೂಡ ಅಂದಿದೆ."

ಮಂಚದ ಮೇಲೆ ಕೂತಿದ್ದ ಅಜ್ಜಿಗೆ ಕಿವಿ ಮಂದ. ಮನೆಯಲ್ಲಿ ಜಗಳ ಶುರುವಾದರೆ ಅವಳು ಬಾಯಿಗಳನ್ನು ನೋಡಿ ತಿಳಿದುಕೊಳ್ಳುತ್ತಾಳೆ, ಅರ್ಥವಾಗದಿದ್ದರೆ ಮೊಮ್ಮಗಳನ್ನು ಕರೆಯುತ್ತಾಳೆ. "ಏನಂತೆ ಚೂಟಿ? ಏನು ಹಾಡು? ನಂಗೂ ಹೇಳು."

"ಬೇಡ ಅಜ್ಜಿ."

"ನನ್ನ ಮಗನ ಮೇಲೆ ಹಾಡು ಕಟ್ಟಿದ್ರೆ ನಂಗೆ ಬೇಡವಾ? ಹೇಳು."

ಚೂಟಿ ಬಗ್ಗಿ ಅಜ್ಜಿಯ ಕಿವಿಯಲ್ಲಿ ಒಂದೊಂದೇ ಸಾಲನ್ನು ಕೂಗಿ ಹೇಳಬೇಕಾಯಿತು. ಅಪ್ಪ ಅಲ್ಲೇ ನಿಂತಿದ್ದ. "ಕೆಮ್ಮಿದರೆ ಯೂನಿಟ್ಟು" ಎನ್ನುವಾಗ ಪಕ್ಕದ ಮನೆಯ ಕಿಟಕಿಯಲ್ಲಿ ಯಾರೋ ಕಿಸಕ್ಕೆಂದದ್ದು ಕೇಳಿಸಿತು. ಅಜ್ಜಿ ಪೂರ್ತಿ ಕೇಳಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಇದರಲ್ಲಿ ಸುಳ್ಳೇನಿದೆಯೋ? ಹತ್ತು ವರ್ಷದವನಿದ್ದಾಗಲೇ ಸೋಪಿನ ಮೇಲೆ ಗೆರೆ ಹಾಕಿಡ್ತಿದ್ದ. ಇಷ್ಟರ ಮೇಲೆ ಯಾರೂ ಸವೆಸಬಾರದು ಅಂತ."

ಅಪ್ಪನ ಕಿವಿಯ ತುದಿ ಕೆಂಪಾಯಿತು. ಅವನು ಚಿಕ್ಕಮ್ಮನ ಕಡೆ ತಿರುಗಿ, ಕೌಂಟರಿನಲ್ಲಿ ಬಳಸುವ ತಣ್ಣನೆಯ ದನಿಯಲ್ಲಿ ಹೇಳಿದ: "ತಿಂಗಳು ಮುಗಿಯೋದ್ರೊಳಗೆ ಬೇರೆ ರೂಮು ನೋಡ್ಕೋ."

"ನೋಡ್ಕೋತೀನಿ," ಎಂದಳು ಚಿಕ್ಕಮ್ಮ. "ಹೋಗೋವಾಗ ಅದರ ಮೇಲೂ ಒಂದು ಹಾಡು ಮಾಡಿ ಹೋಗ್ತೀನಿ."

ಅಮ್ಮ ನಲ್ಲಿ ನಿಲ್ಲಿಸಿದಳು. ಏನೋ ಹೇಳುತ್ತಾಳೆಂದು ಎಲ್ಲರೂ ನೋಡಿದರು. "ತಟ್ಟೆ ಹಾಕ್ತೀನಿ, ಕೈ ತೊಳ್ಕೊಳ್ಳಿ," ಎಂದಳು.

ಚಿಕ್ಕಮ್ಮ ಈ ಮನೆಗೆ ಬಂದು ಎರಡು ವರ್ಷವಾಗಿತ್ತು. ಗಂಡನ ಮನೆ ಬಿಟ್ಟು ಒಂದು ಬ್ಯಾಗು ಹಿಡಿದು ಬಂದವಳು, ಒಂದು ವಾರ ಇದ್ದು ಹೋಗುತ್ತೇನೆ ಅಂದಿದ್ದಳು. ಅಮ್ಮ ಉಗ್ರಾಣದಿಂದ ಆಲೂಗಡ್ಡೆ ಮೂಟೆಗಳನ್ನೂ ಹಳೇ ಡಬ್ಬಿಗಳನ್ನೂ ಒಂದು ಮೂಲೆಗೆ ಸರಿಸಿ ಹಾಸಿಗೆ ಹಾಸಿಕೊಟ್ಟಳು. ವಾರ ವರ್ಷವಾಯಿತು. ಗಂಡ ಅವಳನ್ನು ಬಾಯಿಬಡಕಿ ಎಂದು ಹಂಗಿಸುತ್ತಿದ್ದನಂತೆ. ಅವಳು ಅದನ್ನೇ ತನ್ನ ಹೆಸರು ಮಾಡಿಕೊಂಡಳು. ಮೊಬೈಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬೀದಿಯ ಸದ್ದು ಒಳಬರದಂತೆ ಗೋಡೆಗೆಲ್ಲ ಹಳೆಯ ಹಾಸಿಗೆ ಕಟ್ಟಿ, ಅಂಗಡಿಯವನ ತಂಗಿ ಕೂಡಿಸಿಕೊಟ್ಟ ತಾಳಕ್ಕೆ ಏಳು ಹಾಡು ಹೇಳಿದಳು. ಆಲ್ಬಮ್ಮಿನ ಹೆಸರು 'ಹೊರಡಲು ಸಿದ್ಧವಾಗಿದೆ'. ನಿಲ್ದಾಣದಲ್ಲಿ ದಿನಕ್ಕೆ ನೂರು ಸಲ ಅನ್ನುವ ಮಾತು. ನಲವತ್ತೊಂದರ ಹೆಂಗಸು ರ‍್ಯಾಪ್ ಹಾಡುವುದೆಂದರೆ ಏನೆಂದು ನಕ್ಕವರೇ ಅದನ್ನು ಫೋನಿನಿಂದ ಫೋನಿಗೆ ಕಳಿಸಿದರು.

ಚೂಟಿ ಪತ್ರಿಕೋದ್ಯಮ ಓದುತ್ತಿದ್ದಳು. ಮನೆಯಲ್ಲಿ ಇಷ್ಟೆಲ್ಲ ರಾಮಾಯಣವಾಗುವ ಮೊದಲೇ ಅವಳು ಕಾಲೇಜು ಪತ್ರಿಕೆಗೆ ಈ ಆಲ್ಬಮ್ಮಿನ ವಿಮರ್ಶೆ ಬರೆಯುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದಳು. ಪತ್ರಿಕೆಯನ್ನು ನೋಡಿಕೊಳ್ಳುವ ಮೇಡಂ ಮೊದಲು ಖುಷಿಪಟ್ಟರು, ಆಮೇಲೆ ಕೇಳಿದರು.

"ಊರಿಗೆಲ್ಲ ಇವಳ ದನಿ ಮಾತ್ರ ಗೊತ್ತು. ನಿಂಗೆ ಹೇಗೆ ಸಿಕ್ಕಿದ್ಲು?"

"ನಮ್ಮ ಮನೇಲೇ ಇದ್ದಾರೆ ಮೇಡಂ. ನಮ್ಮ ಚಿಕ್ಕಮ್ಮ."

ಮೇಡಂ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ನೀನು ಬರೆಯೋ ಹಾಗಿಲ್ಲ. ಬೇರೆ ಯಾರಿಗಾದ್ರೂ ಕೊಡ್ತೀನಿ."

"ಬೇರೆಯವರು 'ವಯಸ್ಸಾದ್ರೂ ಹಾಡಿದ್ದಾರೆ, ಶಭಾಷ್' ಅಂತ ಬರೀತಾರೆ ಮೇಡಂ. ನಾನು ಹಾಡಿನ ಬಗ್ಗೆ ಬರೀತೀನಿ. ಸಂಬಂಧ ಮೊದಲನೇ ಸಾಲಲ್ಲೇ ಹೇಳ್ಬಿಡ್ತೀನಿ."

"ಹೊಗಳಿದ್ರೆ ನೆಂಟಸ್ತನ ಅಂತಾರೆ. ತೆಗಳಿದ್ರೆ ಮನೆಜಗಳ ಅಂತಾರೆ."

"ಅನ್ಲಿ."

ಮೇಡಂ ಪೆನ್ನು ಮತ್ತೆ ಕೈಗೆತ್ತಿಕೊಂಡರು. "ಬರೆದು ತಾ. ಹಾಕೋದು ಬಿಡೋದು ಆಮೇಲೆ."

ಮನೆಯಲ್ಲಿ ಜಗಳ ಸದ್ದಿಲ್ಲದೆ ಮುಂದುವರಿಯಿತು. ಅಪ್ಪ ಗೀಸರಿನ ಫ್ಯೂಸು ಕಿತ್ತು ತನ್ನ ಜೇಬಿಗೆ ಹಾಕಿಕೊಂಡ. ತಾನು ಸ್ನಾನಕ್ಕೆ ಹೋಗುವಾಗ ಹಾಕುವುದು, ಬಂದು ಕೀಳುವುದು. ಚಿಕ್ಕಮ್ಮ ತಣ್ಣೀರು ಸುರಿದುಕೊಳ್ಳುತ್ತ ಇನ್ನೂ ಜೋರಾಗಿ ಹಾಡತೊಡಗಿದಳು. ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರೂ ಅಪ್ಪನ ಮಾತೆಲ್ಲ ಚೂಟಿಯ ಮೂಲಕವೇ ಹೋಗಬೇಕಿತ್ತು.

"ನಿನ್ನ ಚಿಕ್ಕಮ್ಮಂಗೆ ಹೇಳು, ಮೊಸರು ಈ ಕಡೆ ಕೊಡೋಕೆ."

"ನಿನ್ನ ಅಪ್ಪಂಗೆ ಹೇಳು, ಎಷ್ಟು ಮಿಲಿ ಬೇಕು ಅಂತ."

ಅಜ್ಜಿ ಇಬ್ಬರ ಬಾಯಿಯನ್ನೂ ನೋಡುತ್ತ ಸಿನಿಮಾಕ್ಕೆ ಬಂದವಳ ಹಾಗೆ ಕೂತಿರುತ್ತಿದ್ದಳು. ಅಮ್ಮ ಮೊಸರಿನ ಪಾತ್ರೆಯನ್ನು ತಾನೇ ಎತ್ತಿ ಆ ಕಡೆ ಇಡುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ತನ್ನ ಶರಟಿಗೆ ಇಸ್ತ್ರಿ ಹಾಕುತ್ತ ಮಗಳನ್ನು ಕರೆದ.

"ಆ ಹಾಡುಗಳ ಬಗ್ಗೆ ಬರೀತಿದ್ದೀಯಂತೆ."

"ಹೂಂ."

"ಒಳ್ಳೇದಾಯ್ತು. ಅದು ಸಂಗೀತವೇ ಅಲ್ಲ ಅಂತ ಬರಿ. ರಾಗ ಇಲ್ಲ, ತಲೆ ಇಲ್ಲ, ಬುಡ ಇಲ್ಲ. ನಮ್ಮ ಆಫೀಸಿನೋರೆಲ್ಲ ಓದ್ತಾರೆ, ನಾನೇ ಕೊಡ್ತೀನಿ."

"ಕೇಳಿ ಏನನ್ಸುತ್ತೋ ಅದನ್ನ ಬರೀತೀನಿ ಅಪ್ಪ."

"ಏನನ್ಸುತ್ತೆ? ನಿನ್ನ ಅಪ್ಪನ್ನ ಊರಿಗೆಲ್ಲ ಆಡ್ಕೊಳ್ಳೋ ಹಾಗೆ ಮಾಡಿದ್ದಾಳೆ, ನಿಂಗೆ ಏನೂ ಅನ್ಸಲ್ವಾ? ಆ ಕಾಲೇಜಿಗೆ ಫೀಸು ಕಟ್ಟಿರೋನು ನಾನು."

"ಫೀಸು ಕಟ್ಟಿದ್ದು ಬರೆಯೋದು ಕಲೀಲಿ ಅಂತ ತಾನೆ?"

ಇಸ್ತ್ರಿಪೆಟ್ಟಿಗೆ ಶರಟಿನ ಮೇಲೆ ಒಂದು ಕ್ಷಣ ಜಾಸ್ತಿಯೇ ನಿಂತಿತು. ಅಪ್ಪ ಗಡಬಡಿಸಿ ಎತ್ತಿದ. ಕಂದು ಕಲೆಯೇನೂ ಬಿದ್ದಿರಲಿಲ್ಲ. ಆದರೂ ಅದನ್ನು ಹುಡುಕುವವನಂತೆ ಬಗ್ಗಿಕೊಂಡೇ ಇದ್ದ. ಚೂಟಿಗೆ ಆ ಹೊತ್ತು ಅಪ್ಪನನ್ನು ನೋಡಿ ಪಾಪ ಅನ್ನಿಸಿತು, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಚಿಕ್ಕಮ್ಮನೂ ಕಡಿಮೆಯೇನಲ್ಲ. ಚೂಟಿ ಬಸ್ ನಿಲ್ದಾಣಕ್ಕೆ ಹೋದಾಗ ಗಾಜಿನ ಗೂಡಿನೊಳಗೆ ಎಳೆದುಕೊಂಡು ಸ್ಟೂಲಿನ ಮೇಲೆ ಕೂರಿಸಿದಳು. ಕಾಲೇಜಿನ ಹಬ್ಬಕ್ಕೆ ಮೊದಲ ಕಾರ್ಯಕ್ರಮ ಯಾರದೆಂದು ವಿದ್ಯಾರ್ಥಿಗಳ ಸಮಿತಿ ಇನ್ನೂ ತೀರ್ಮಾನಿಸಿರಲಿಲ್ಲ. ಸಮಿತಿಯವರೆಲ್ಲ ಕಾಲೇಜು ಪತ್ರಿಕೆ ಓದುತ್ತಾರೆಂದು ಚಿಕ್ಕಮ್ಮನಿಗೆ ಯಾರೋ ಹೇಳಿದ್ದರು.

"ಐದಕ್ಕೆ ಐದು ಸ್ಟಾರು ಕೊಡು. ನಾನೇನು ಬೇರೆಯವಳಾ?"

"ಅದಕ್ಕೇ ಕೊಡೋಕಾಗಲ್ಲ."

"ನಾಲ್ಕೂವರೆ?"

"ಪ್ರೇಮಗೀತೆ ಎರಡಿವೆಯಲ್ಲ, ಅವು ಯಾಕೆ ಹಾಕಿದೆ ಚಿಕ್ಕಮ್ಮ? ಅದರಲ್ಲಿ ನೀನು ಇಲ್ಲವೇ ಇಲ್ಲ. ಯಾವಳೋ ಹದಿನೆಂಟರ ಹುಡುಗಿ ಅಳ್ತಿದಾಳೆ."

ಚಿಕ್ಕಮ್ಮ ಮೈಕಿನ ಗುಂಡಿ ಒತ್ತಿ, ಬೆಣ್ಣೆಯಂಥ ದನಿಯಲ್ಲಿ, ಆರನೇ ಅಂಕಣದಲ್ಲಿ ಬಸ್ಸು ಹೊರಡಲು ಸಿದ್ಧವಾಗಿದೆ ಎಂದಳು. ಗುಂಡಿ ಬಿಟ್ಟು ತನ್ನ ದನಿಗೆ ಬಂದಳು. "ಎಲ್ಲ ಆಲ್ಬಮ್ಮಲ್ಲೂ ಪ್ರೇಮಗೀತೆ ಇರತ್ತೆ. ನಿಂಗೇನು ಗೊತ್ತು? ನಿಮ್ಮ ಅಪ್ಪ ಹೇಳಿಕೊಟ್ಟು ಕಳಿಸಿದ್ನಾ?"

"ಅಪ್ಪ ಅಂತಾನೆ ನೀನು ಹೇಳಿಕೊಟ್ಟೆ ಅಂತ."

ಇಬ್ಬರಿಗೂ ನಗು ಬಂತು. ಆದರೆ ಚೂಟಿ ಹೊರಡುವಾಗ ಚಿಕ್ಕಮ್ಮ ಅವಳ ತೋಳು ಹಿಡಿದು ನಿಲ್ಲಿಸಿದಳು. "ನೋಡು, ರೂಮು ಎಲ್ಲೂ ಸಿಗ್ತಿಲ್ಲ. ಒಂಟಿ ಹೆಂಗಸು ಅಂದ ತಕ್ಷಣ ಬಾಗಿಲು ಹಾಕ್ತಾರೆ. ಆ ಒಂದು ವೇದಿಕೆ ಸಿಕ್ಕಿಬಿಟ್ರೆ ನಂಗೆ ಯಾರ ಹಂಗೂ ಬೇಡ. ಯೋಚ್ನೆ ಮಾಡಿ ಬರಿ."

ಯೋಚನೆ ಮಾಡಲು ಚೂಟಿಗೆ ಸಿಗುತ್ತಿದ್ದ ಹೊತ್ತೆಂದರೆ ಬೆಳಿಗ್ಗೆ ಅಮ್ಮನ ಜೊತೆ ಡಬ್ಬಿ ಕಟ್ಟುವ ಹೊತ್ತು. ಒಂದು ಕಿವಿಗೆ ಹಾಡು ಸಿಕ್ಕಿಸಿಕೊಂಡು, ಅಮ್ಮ ಬಡಿಸಿದ ಡಬ್ಬಿಗೆ ಮುಚ್ಚಳ ಹಾಕಿ ಕೊಕ್ಕೆ ಬಿಗಿಯುವುದು. 'ಮೀಟರ್ ಭಾವ' ಹಾಡಂತೂ ಬಾಯಿಪಾಠವಾಗಿತ್ತು. ಅದು ಚೆನ್ನಾಗಿತ್ತು, ನಿಜವಾಗಿಯೂ ಚೆನ್ನಾಗಿತ್ತು. ಆದರೂ ಎಲ್ಲೋ ಒಂದು ಕಡೆ ಟೊಳ್ಳಾಗಿ ಕೇಳಿಸುತ್ತಿತ್ತು. ಎಲ್ಲಿ ಎಂದು ಮಾತ್ರ ಹಿಡಿಯಲಾಗುತ್ತಿರಲಿಲ್ಲ.

ಮನೆಯಲ್ಲಿ ಯಾರಾದರೂ ಆ ಹಾಡು ಹಾಕಿದರೆ ಅಮ್ಮ ನಲ್ಲಿ ಜೋರಾಗಿ ಬಿಡುತ್ತಿದ್ದಳು, ಇಲ್ಲವೇ ಮಿಕ್ಸಿ ಹಾಕುತ್ತಿದ್ದಳು. ಗಂಡನ ಮರ್ಯಾದೆ ಹೋಯಿತೆಂದು ಅಮ್ಮನಿಗೆ ನಾಚಿಕೆ ಎಂದುಕೊಂಡಿದ್ದಳು ಚೂಟಿ. ಒಂದು ಬೆಳಿಗ್ಗೆ ಕೇಳಿಯೇಬಿಟ್ಟಳು.

"ಅಮ್ಮ, ನಿಂಗೆ ಆ ಹಾಡು ಹೇಗನ್ನಿಸ್ತು?"

"ಚೆನ್ನಾಗಿದೆ."

"ಅಪ್ಪನ್ನ ಹಾಗೆ ಅಂದಿದ್ದು?"

"ಇರೋದನ್ನ ಅಂದಿದ್ದಾಳೆ. ನಾನು ಇಪ್ಪತ್ತೆರಡು ವರ್ಷದಿಂದ ಅಂದ್ಕೋತಿದ್ದೆ, ಅವಳು ತಾಳ ಹಾಕಿದ್ಲು."

"ಮತ್ತೆ ಬೇಸರ ಯಾಕೆ?"

"ಬೇಸರ ಅಂತ ನಿಂಗೆ ಯಾರು ಹೇಳಿದ್ದು? ಡಾಕ್ಟರ ಡಬ್ಬಿಗೆ ಉಪ್ಪು ಕಮ್ಮಿದು, ಬೇರೆ ಇಡು." ಅಮ್ಮ ಸೌಟು ಝಾಡಿಸಿ ಪಾತ್ರೆಯ ಅಂಚಿಗೆ ಒರೆಸಿದಳು. ಆಮೇಲೆ ಏನೂ ಅಲ್ಲವೆಂಬಂತೆ ಕೇಳಿದಳು: "ಅದರಲ್ಲಿ ಯಾರ‍್ಯಾರು ಬರ್ತಾರೆ?"

"ಅಪ್ಪ. ಅಜ್ಜಿ ಬರ್ತಾಳೆ, ಅಜ್ಜಿ ರೇಡಿಯೋ ಊರಿಗೆಲ್ಲ ಕೇಳತ್ತೆ ಅಜ್ಜಿಗೆ ಮಾತ್ರ ಕೇಳಲ್ಲ ಅಂತ. ನಾನು ಬರ್ತೀನಿ, ಬಾಗಿಲು ಹಾಕ್ಕೊಂಡು ಜಗತ್ತಿನ ಸುದ್ದಿ ಬರೆಯೋಳು ಅಂತ. ಪಕ್ಕದ ಮನೆ ನಾಯಿ ಬರತ್ತೆ. ಆಮೇಲೆ ಗೀಸರು, ಉಗ್ರಾಣ, ಆಲೂಗಡ್ಡೆ ಮೂಟೆ..."

ಚೂಟಿಯ ಮಾತು ನಿಂತಿತು. ಮುಚ್ಚಳ ಕೈಯಲ್ಲೇ ಇತ್ತು.

"ಆಲೂಗಡ್ಡೇನೂ ಬರತ್ತೆ, ಅಲ್ವಾ?" ಎಂದಳು ಅಮ್ಮ. "ಕೊಕ್ಕೆ ಸರಿಯಾಗಿ ಹಾಕು. ನಿನ್ನೆ ಬ್ಯಾಂಕಿನೋರ ಚೀಲದಲ್ಲಿ ಚೆಲ್ಲಿತ್ತಂತೆ."

ಅಂದು ಕಾಲೇಜಿನ ಗ್ರಂಥಾಲಯದಲ್ಲಿ ಕೂತು ಚೂಟಿ ಒಂದೇ ಉಸಿರಿಗೆ ಬರೆದಳು. ಶುರು ಹೀಗಿತ್ತು: "ಮೊದಲೇ ಹೇಳಿಬಿಡುತ್ತೇನೆ. ಈ ಆಲ್ಬಮ್ಮಿನ ಬಾಯಿಬಡಕಿ ನನ್ನ ಚಿಕ್ಕಮ್ಮ. ಮೀಟರ್ ಭಾವ ನನ್ನ ಅಪ್ಪ. ಮೂರನೇ ಚರಣದಲ್ಲಿ ಬಾಗಿಲು ಹಾಕಿಕೊಳ್ಳುವ ಹುಡುಗಿ ನಾನು. ಇಷ್ಟು ತಿಳಿದ ಮೇಲೆ ಮುಂದೆ ಓದುವುದೂ ಬಿಡುವುದೂ ನಿಮಗೆ ಸೇರಿದ್ದು."

ಬಸ್ ನಿಲ್ದಾಣದ ಹಾಡುಗಳಲ್ಲಿ ಮಾತಿನ ಓಟ ಹೇಗಿದೆ, ತಾಳ ಎಲ್ಲಿ ಬೇಕೆಂದೇ ಎಡವುತ್ತದೆ ಎಂದು ಬರೆದಳು. ಪ್ರೇಮಗೀತೆಗಳು ಬಾಡಿಗೆಗೆ ತಂದ ಬಟ್ಟೆ, ಹೆಗಲಲ್ಲಿ ಬಿಗಿ, ಸೊಂಟದಲ್ಲಿ ಸಡಿಲ ಎಂದಳು. ಆಲ್ಬಮ್ಮಿನ ಅತ್ಯುತ್ತಮ ಹಾಡು 'ಮೀಟರ್ ಭಾವ' ಎನ್ನಲು ಹಿಂದೆಮುಂದೆ ನೋಡಲಿಲ್ಲ. ಕೊನೆಗೆ ಬರೆದದ್ದು ಇದು:

"ಈ ಹಾಡಿನ ಮನೆಯಲ್ಲಿ ಬಚ್ಚಲಿದೆ, ಉಗ್ರಾಣವಿದೆ, ಪಕ್ಕದ ಮನೆಯ ನಾಯಿಯಿದೆ. ಅಡುಗೆಮನೆ ಇಲ್ಲ. ಎಲ್ಲರೂ ಉಣ್ಣುತ್ತಾರೆ, ಬಡಿಸಿದವರು ಯಾರೆಂದು ಹಾಡು ಹೇಳುವುದಿಲ್ಲ. ಸಿಟ್ಟು ಬರಿಸಿದವರ ಮುಖಕ್ಕೆ ಹೇಳುವ ಧೈರ್ಯ ಬಾಯಿಬಡಕಿಗೆ ಬೇಕಾದಷ್ಟಿದೆ. ಹಾಸಿಗೆ ಹಾಸಿಕೊಟ್ಟವಳ ಮುಖ ನೋಡುವ ಧೈರ್ಯ ಈ ಆಲ್ಬಮ್ಮಿನಲ್ಲಿ ಬಂದಿಲ್ಲ."

ಮೇಡಂ ಎರಡು ಸಲ ಓದಿದರು. "ಇದು ಮನೆಜಗಳ ಆಯ್ತಲ್ಲಮ್ಮ."

"ಹಾಡೇ ಮನೆಜಗಳ, ಮೇಡಂ."

"ಕೊನೇ ಪ್ಯಾರಾ ತೆಗೆದರೆ ನೆಮ್ಮದಿಯಾಗಿ ಹಾಕ್ಬಹುದು."

"ಅದನ್ನ ತೆಗೆದರೆ ಉಳಿದದ್ದನ್ನೂ ತೆಗೀರಿ. ಅದೊಂದಕ್ಕೇ ನಾನು ಬರೆದಿದ್ದು."

ಮೇಡಂ ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡರು. ಆ ಶುಕ್ರವಾರ ಪತ್ರಿಕೆ ಬಂದಾಗ ಎಂಟನೇ ಪುಟದಲ್ಲಿ ವಿಮರ್ಶೆ ಪೂರ್ತಿಯಾಗಿ ಇತ್ತು.

ಪತ್ರಿಕೆ ಮನೆಗೆ ಎರಡು ಕಡೆಯಿಂದ ಬಂತು. ಅಪ್ಪನಿಗೆ ಕಚೇರಿಯವರು ಕೊಟ್ಟಿದ್ದರು, ಚಿಕ್ಕಮ್ಮನಿಗೆ ಬಸ್ಸಿನ ಕಂಡಕ್ಟರು. ಸಂಜೆ ಇಬ್ಬರೂ ಒಂದೇ ಹೊತ್ತಿಗೆ ಬಾಗಿಲಿಗೆ ಬಂದರು, ಇಬ್ಬರ ಕೈಯಲ್ಲೂ ಅದೇ ಮಡಚಿದ ಹಾಳೆ. ಬಹಳ ದಿನದ ಮೇಲೆ ಇಬ್ಬರೂ ಒಂದೇ ಪಕ್ಷದಲ್ಲಿದ್ದರು.

"ಅತ್ಯುತ್ತಮ ಹಾಡಂತೆ," ಎಂದ ಅಪ್ಪ. "ಮೀಟರ್ ಭಾವ ನನ್ನ ಅಪ್ಪ ಅಂತೆ. ಇಷ್ಟು ದಿನ ಆಫೀಸಿಗಷ್ಟೇ ಗೊತ್ತಿತ್ತು. ಈಗ ಅಚ್ಚಾಯ್ತು."

"ಬಾಡಿಗೆ ಬಟ್ಟೆಯಂತೆ," ಎಂದಳು ಚಿಕ್ಕಮ್ಮ. "ಧೈರ್ಯ ಬಂದಿಲ್ಲವಂತೆ. ನಂಗೆ. ಗಂಡನ್ನ ಬಿಟ್ಟು ಬಂದೋಳಿಗೆ ಇವಳು ಧೈರ್ಯದ ಪಾಠ ಹೇಳ್ತಾಳೆ."

"ನಾನು ಕೇಳಿದ್ದನ್ನ ಬರೆದೆ," ಎಂದಳು ಚೂಟಿ. "ತಪ್ಪಿದ್ರೆ ಹೇಳಿ. ಯಾವ ಸಾಲು ತಪ್ಪು?"

ಅಪ್ಪ ಹಾಳೆಯನ್ನು ಮೇಜಿನ ಮೇಲೆ ಎಸೆದ. "ಅದೇನಾದರೂ ಇರಲಿ. ಮುಂದಿನ ವಾರ ತಿಂಗಳು ಮುಗಿಯತ್ತೆ. ನಿನ್ನ ಚಿಕ್ಕಮ್ಮಂಗೆ ಹೇಳು, ಸಾಮಾನು ಕಟ್ಟೋಕೆ."

ಅಮ್ಮ ಕೈ ಒರೆಸಿಕೊಂಡು ಬಂದು ಹಾಳೆ ಎತ್ತಿಕೊಂಡಳು. ದೀಪದ ಕೆಳಗೆ ನಿಂತು ಓದಿದಳು. ಅಮ್ಮ ನಿಧಾನವಾಗಿ ಓದುವವಳು, ತುಟಿ ಅಲುಗುತ್ತದೆ. ಅಜ್ಜಿ ಅವಳ ತುಟಿಯನ್ನೇ ನೋಡುತ್ತಿದ್ದಳು. ಕೊನೆಯ ಸಾಲಿಗೆ ಬಂದು, ಮತ್ತೆ ಅದನ್ನೇ ಓದಿ, ಹಾಳೆ ಮಡಚಿಟ್ಟಳು.

"ಅವಳು ಎಲ್ಲಿಗೂ ಹೋಗಲ್ಲ," ಎಂದಳು.

"ಇದು ನನ್ನ ಮನೆ," ಎಂದ ಅಪ್ಪ.

"ಬಾಡಿಗೆ ಮನೆ ರೀ. ಅರ್ಧ ಬಾಡಿಗೆ ನನ್ನ ಡಬ್ಬಿಯಿಂದ ಹೋಗತ್ತೆ. ನನ್ನ ಅರ್ಧದಲ್ಲಿ ಅವಳಿರ್ತಾಳೆ. ನಿಮ್ಮ ಅರ್ಧಕ್ಕೆ ಬೇಕಾದ್ರೆ ಗೆರೆ ಹಾಕ್ಕೊಳ್ಳಿ, ಸೋಪಿಗೆ ಹಾಕಿದ ಹಾಗೆ. ಮತ್ತೆ ಆ ಫ್ಯೂಸು ಇಲ್ಲಿ ಕೊಡಿ."

ಅಮ್ಮ ಹೀಗೆ ಕೈ ಮುಂದೆ ಚಾಚಿ ನಿಂತದ್ದನ್ನು ಚೂಟಿ ಎಂದೂ ನೋಡಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅಪ್ಪನೂ ನೋಡಿರಲಿಲ್ಲವೇನೋ. ಜೇಬಿನಿಂದ ಫ್ಯೂಸು ತೆಗೆದು ಆ ಕೈಯಲ್ಲಿ ಇಟ್ಟ.

ಚಿಕ್ಕಮ್ಮನ ಮುಖ ಅರಳಿತು. "ಸರಿಯಾಗಿ ಹೇಳಿದೆ ಅಕ್ಕ."

"ನೀನು ಸುಮ್ನಿರು," ಎಂದಳು ಅಮ್ಮ. "ನಿಂಗೆ ಇನ್ನೂ ಶುರು ಮಾಡಿಲ್ಲ. ಯಾಕೆ ನನ್ನ ಬಗ್ಗೆ ಒಂದು ಸಾಲೂ ಇಲ್ಲ?"

"ನಿನ್ನ ಬಗ್ಗೆ ಏನು ಬರೀಲಿ? ನೀನು ಒಂದು ದಿನ ಜಗಳ ಆಡಿಲ್ಲ, ಒಂದು ಮಾತು ಅಂದಿಲ್ಲ. ನೀನು ಒಳ್ಳೆಯವಳು ಅಕ್ಕ. ಒಳ್ಳೆಯವರ ಮೇಲೆ ರ‍್ಯಾಪ್ ಬರಲ್ಲ."

"ಒಳ್ಳೆಯವಳು." ಅಮ್ಮ ಕುರ್ಚಿ ಎಳೆದು ಕೂತಳು. ಊಟದ ಹೊತ್ತಿಗೆ ಮುಂಚೆ ಅಮ್ಮ ಕೂತದ್ದೂ ಹೊಸದೇ. "ಒಳ್ಳೆಯವಳು ಅಂದ್ರೆ ಏನು ಗೊತ್ತಾ? ನಾಳೆ ಇನ್ನೆರಡು ಡಬ್ಬಿ ಜಾಸ್ತಿ ಮಾಡು ಅಂತ ಅರ್ಥ. ಕೇಳು. ನೀನು ಬಂದ ಮೊದಲನೇ ವರ್ಷ ನಿನ್ನ ಬ್ಯಾಗು ಎತ್ತಿ ಬಾಗಿಲಾಚೆ ಇಟ್ಟುಬಿಡಬೇಕು ಅಂತ ಎಷ್ಟು ಸಲ ಅಂದ್ಕೊಂಡಿದ್ದೆ ಗೊತ್ತಾ? ಒಂದು ಸಲ ಎತ್ತಿಯೂ ಎತ್ತಿದ್ದೆ. ನೀನು ಡ್ಯೂಟಿಗೆ ಹೋಗಿದ್ದೆ."

ಚಿಕ್ಕಮ್ಮ ಗೋಡೆಗೆ ಒರಗಿದಳು.

"ನಿಜವಾಗಿ?"

"ನನ್ನ ಉಗ್ರಾಣ ಹೋಯ್ತು. ಮೂಟೆಗಳೆಲ್ಲ ಒಂದರ ಮೇಲೊಂದು, ಆ ಸಲ ಆಲೂಗಡ್ಡೆ ಕೊಳೆತು ನಂಗೆ ನಷ್ಟ. ಬೆಳಿಗ್ಗೆ ಎದ್ದು ಇವರ ಮುಖ ನೋಡ್ಬೇಕು, ನಿನ್ನ ಮುಖ ನೋಡ್ಬೇಕು, ಇಬ್ಬರ ನಡುವೆ ಮೊಸರು ದಾಟಿಸ್ಬೇಕು. ನ್ಯಾಯ ಕೇಳೋಳು ನೀನು, ಮರ್ಯಾದೆ ಕೇಳೋರು ಇವರು, ಬರೆಯೋಳು ಇವಳು. ನಾನು ಏನು? ಅದನ್ನ ಬರಿ. ನಂಗೆ ಸಿಟ್ಟು ಬರಲ್ಲ ಅಂತ ಯಾರು ಹೇಳಿದ್ದು ನಿಮಗೆಲ್ಲ?"

ಯಾರೂ ಹೇಳಿರಲಿಲ್ಲ. ಎಲ್ಲರೂ ತಾವಾಗಿಯೇ ಅಂದುಕೊಂಡದ್ದು. ಚೂಟಿಗೆ ತನ್ನ ವಿಮರ್ಶೆಯೂ ಅರ್ಧಂಬರ್ಧ ಎನ್ನಿಸಿ ಮುಖ ಬಿಸಿಯಾಯಿತು. ಅವಳೂ ಅಮ್ಮನನ್ನು ಹಾಸಿಗೆ ಹಾಸಿಕೊಟ್ಟವಳು ಎಂದಷ್ಟೇ ಬರೆದಿದ್ದಳು.

"ಏನಂತೆ? ಏನಂತೆ?" ಎಂದು ಅಜ್ಜಿ ಚೂಟಿಯ ಕೈ ಎಳೆದಳು. ಅಮ್ಮನೇ ತಿರುಗಿ ಅಜ್ಜಿಯ ಕಿವಿಗೆ ಕೂಗಿದಳು: "ನಂಗೂ ಸಿಟ್ಟು ಬರತ್ತಂತೆ, ಅತ್ತೆ."

"ಬರ್ಲಿ, ಬರ್ಲಿ," ಎಂದಳು ಅಜ್ಜಿ. "ಊಟ ಆದ್ಮೇಲೆ ಬರ್ಲಿ."

ಚಿಕ್ಕಮ್ಮ ಎರಡು ದಿನ ಅಮ್ಮನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಡ್ಯೂಟಿಯಿಂದ ಬಂದವಳು ಅಡುಗೆಮನೆಯ ನೆಲದಲ್ಲಿ ಕೂತು, ಚಾಕು ತೆಗೆದುಕೊಂಡು ತರಕಾರಿ ಹೆಚ್ಚತೊಡಗಿದಳು. ದಪ್ಪ ದಪ್ಪ ಹೋಳು. ಅಮ್ಮ ನೋಡಿ ಮುಖ ಸಿಂಡರಿಸಿದಳು.

"ಆ ಬ್ಯಾಗು ಎತ್ತಿದ್ದೆಯಲ್ಲ, ಮತ್ತೆ ಯಾಕೆ ಕೆಳಗಿಟ್ಟೆ?" ಎಂದು ಚಿಕ್ಕಮ್ಮ ಕೇಳಿದಳು.

"ಒಲೆ ಮೇಲೆ ಉಕ್ಕುತ್ತಿತ್ತು. ಓಡಿ ಬಂದೆ."

ಚಿಕ್ಕಮ್ಮ ಹೆಚ್ಚುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು. ಆಮೇಲೆ ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ಇನ್ನೊಂದು ಸಲ ಹೇಳು. ನಿಧಾನಕ್ಕೆ."

ಸಮಿತಿಯವರು ಕೊನೆಗೆ ಬಾಯಿಬಡಕಿಯನ್ನೇ ಕರೆದರು, ಆದರೆ ಎರಡೇ ಹಾಡಿಗೆ. ಪ್ರೇಮಗೀತೆ ಬೇಡವೇ ಬೇಡ ಎಂದರಂತೆ. "ನಿನ್ನಿಂದ ನನ್ನ ಐದು ಹಾಡು ಹೋಯ್ತು," ಎಂದು ಚಿಕ್ಕಮ್ಮ ಚೂಟಿಯನ್ನು ಬೈದಳು. ಚೂಟಿ ಕ್ಷಮೆ ಕೇಳಲಿಲ್ಲ.

ಹಬ್ಬದ ಮಧ್ಯಾಹ್ನ ಮೈದಾನ ತುಂಬಿತ್ತು. ಅಮ್ಮ ಅಂದಿನ ಡಬ್ಬಿಗಳಿಗೆ ರಜೆ ಹೇಳಿ ಬಂದಿದ್ದಳು. ಅಜ್ಜಿಯನ್ನು ಕರೆತರಲು ಯಾರಾದರೂ ಬೇಕಲ್ಲ ಎನ್ನುತ್ತ ಅಪ್ಪನೂ ಬಂದ. ಬಂದವನು ಅಜ್ಜಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ತಾನು ಹಿಂದೆ ಸರಿದು ಕಂಬದ ಪಕ್ಕ ನಿಂತ. ಚೂಟಿ ಅವನ ಹತ್ತಿರವೇ ನಿಂತಳು.

ಚಿಕ್ಕಮ್ಮ ಡ್ಯೂಟಿಯ ನೀಲಿ ಅಂಗಿಯಲ್ಲೇ ವೇದಿಕೆ ಹತ್ತಿದಳು. 'ಮೀಟರ್ ಭಾವ' ಶುರುವಾಗುತ್ತಲೇ ಹುಡುಗರು ಎದ್ದು ಕುಣಿದರು. 'ಉಸಿರಾಡಿದ್ದಕ್ಕೂ' ಎಂದು ಅವಳು ನಿಲ್ಲಿಸಿದರೆ, 'ತಿಂಗಳ ಕೊನೆಗೆ ಬಿಲ್ಲು' ಎಂದು ಮೈದಾನವೇ ಕೂಗಿತು. ಅಪ್ಪನ ಪಕ್ಕದಲ್ಲಿದ್ದ ಒಬ್ಬ ಎತ್ತರದ ಹುಡುಗ ಏದುಸಿರು ಬಿಡುತ್ತ ಅವನ ಕಡೆ ಬಗ್ಗಿದ.

"ಅಂಕಲ್, ಈ ಮೀಟರ್ ಭಾವ ಅನ್ನೋನು ನಿಜವಾಗಿ ಇದಾನಂತೆ. ಇದೇ ಊರಲ್ಲಿ. ನಿಮಗೇನಾದ್ರೂ ಗೊತ್ತಾ?"

ಅಪ್ಪ ವೇದಿಕೆಯನ್ನು ನೋಡಿದ, ಮಗಳನ್ನು ನೋಡಿದ. ಬೆನ್ನು ನೆಟ್ಟಗೆ ಮಾಡಿಕೊಂಡ.

"ನಾನೇ," ಎಂದ. "ಏನೀಗ?"

ಹುಡುಗ ಅವನ ಕೈ ಹಿಡಿದು ಕುಲುಕತೊಡಗಿದ. ಅಪ್ಪ ಕೈ ಬಿಡಿಸಿಕೊಳ್ಳಲು ನೋಡಿದನಾದರೂ ಬಹಳ ಜೋರಾಗಿ ಏನಲ್ಲ.

ಎರಡನೇ ಹಾಡಿಗೆ ಚಿಕ್ಕಮ್ಮ ಮೈಕನ್ನು ಬಾಯಿಗೆ ಹತ್ತಿರ ತಂದಳು. ಈ ಹಾಡು ಆಲ್ಬಮ್ಮಿನಲ್ಲಿ ಇಲ್ಲ ಎಂದಷ್ಟೇ ಹೇಳಿದಳು. ತಾಳ ನಿಧಾನವಾಗಿತ್ತು.

ಅಕ್ಕ ಒಳ್ಳೆಯವಳಲ್ಲ, ಹಾಗಂತ ಅವಳೇ ಹೇಳಿದ್ದು,
ನನ್ನ ಬ್ಯಾಗು ಬಾಗಿಲಾಚೆ ಇಡೋಕೆ ಕೈ ತುರಿಸಿದ್ದು.
ಇಟ್ಟಿಲ್ಲ ಯಾಕೆ ಅಂದರೆ ಒಲೆ ಮೇಲೆ ಉಕ್ಕುತ್ತಿತ್ತು,
ಪ್ರೀತಿಗೇ ಪುರುಸೊತ್ತಿಲ್ಲ, ಸಿಟ್ಟಿಗೆಲ್ಲಿತ್ತು ಹೊತ್ತು.

ಕುಣಿಯುತ್ತಿದ್ದವರು ನಿಂತರು. ಚೂಟಿ ಜನರ ನಡುವೆ ದಾರಿ ಮಾಡಿಕೊಂಡು ಮುಂದಿನ ಸಾಲಿಗೆ ಹೋದಳು. ಅಮ್ಮ ಕೈಕಟ್ಟಿ, ಹುಬ್ಬು ಗಂಟಿಕ್ಕಿಕೊಂಡು, ಅಳತೆ ನೋಡುವ ದರ್ಜಿಯ ಹಾಗೆ ಕೂತು ಕೇಳುತ್ತಿದ್ದಳು. ಹಾಡು ಮುಗಿದು ಚಪ್ಪಾಳೆ ಬಿತ್ತು. ಚಿಕ್ಕಮ್ಮ ವೇದಿಕೆಯ ಅಂಚಿಗೆ ಬಂದು ಅಕ್ಕನನ್ನು ಹುಡುಕಿದಳು. ಅಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

"ಹೇಗಿತ್ತಮ್ಮ?" ಎಂದು ಚೂಟಿ ಕಿವಿಯ ಹತ್ತಿರ ಕೇಳಿದಳು. "ಇಷ್ಟ ಆಗ್ಲಿಲ್ವಾ?"

"ಚೆನ್ನಾಗಿದೆ," ಎಂದಳು ಅಮ್ಮ. "ಆದ್ರೆ ಕೊಳೆತ ಆಲೂಗಡ್ಡೆ ಬಿಟ್ಟಿದ್ದಾಳೆ, ಮೊಸರು ಬಿಟ್ಟಿದ್ದಾಳೆ. ನಾನು ಹೇಳಿದ್ದರಲ್ಲಿ ಮೆತ್ತಗಿರೋದನ್ನ ಆರಿಸಿಕೊಂಡಿದ್ದಾಳೆ. ನೀನು ಬರೀತೀಯಲ್ಲ, ಇದನ್ನೂ ಬರಿ. ಅರ್ಧಕ್ಕೇ ನಿಲ್ಲಿಸಿದ್ದಾಳೆ ಅಂತ ಬರಿ. ಉಳಿದ ಅರ್ಧ ಇನ್ನೂ ನನ್ನ ಹತ್ರಾನೇ ಇದೆ."